ನಾನು ಹೋಗುವ ದಿನದ ವಾಸನೆ

ಮಂಡ್ಯದಲ್ಲಿ ಬಸ್ಸು ಹತ್ತುವಾಗಲೆಲ್ಲ ನನಗೆ ಎರಡು ಚಿಂತೆ. ತೊಡೆಯ ಮೇಲಿನ ಪೆಟ್ಟಿಗೆಯಲ್ಲಿರುವ ಉಸಿರಿನ ಮಿಷನ್ನು ರಸ್ತೆಯ ಹಂಪುಗಳಿಗೆ ಕುಲುಕಿ ಸುಳ್ಳು ಹೇಳಲು ಶುರು ಮಾಡಿದರೆ ಏನು ಗತಿ ಎನ್ನುವುದು ಒಂದು. ಇಳಿಯುವ ಊರಿನಲ್ಲಿ ಬಾತ್‌ರೂಮು ಎಲ್ಲಿದೆ ಎನ್ನುವುದು ಇನ್ನೊಂದು. ಐವತ್ತರ ಹತ್ತಿರ ಬಂದು, ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವ ಹೆಂಗಸಿಗೆ ಎರಡನೆಯದೇ ದೊಡ್ಡದು. ಮೊದಲನೆಯದಕ್ಕಾದರೆ ಪರಿಹಾರ ಪೆಟ್ಟಿಗೆಯಲ್ಲೇ ಇತ್ತು: ಮೂರು ಲೀಟರ್ ಗಾಳಿ ಹಿಡಿಯುವ ದಪ್ಪ ಸಿರಿಂಜು. ದಿನಾ ಬೆಳಿಗ್ಗೆ ಅದರಿಂದ ಮಿಷನ್ನಿಗೆ ಗಾಳಿ ತಳ್ಳಿ, ಮೂರು ಲೀಟರನ್ನು ಅದು ಮೂರು ಲೀಟರೆಂದೇ ಒಪ್ಪಿಕೊಳ್ಳುತ್ತದೆಯೇ ಎಂದು ನೋಡಬೇಕು. ನನ್ನನ್ನು ಹಾಗೆ ದಿನಾ ಪರೀಕ್ಷಿಸುವ ಸಿರಿಂಜು ಇರಲಿಲ್ಲ. ಇದ್ದಿದ್ದರೆ ಇದನ್ನು ಬರೆಯುವ ಅಗತ್ಯ ಬೀಳುತ್ತಿರಲಿಲ್ಲ.

ಕೆಲಸ ಹೀಗಿತ್ತು. ನಾನು ಟೆಕ್ನಿಷಿಯನ್ ಆಗಿರುವ ಆಸ್ಪತ್ರೆಯ ಎದೆರೋಗದ ಡಾಕ್ಟರು ಒಂದು ಅಧ್ಯಯನ ಶುರು ಮಾಡಿದ್ದರು. ಅರವತ್ತು ದಾಟಿದ, ಬೀಡಿ ಮುಟ್ಟದ, ಈಗ ಗ್ಯಾಸಿನಲ್ಲೇ ಅಡುಗೆಯಾಗುವ ಮನೆಯ ಹೆಂಗಸರು ಯಾಕೆ ಏದುಸಿರು ಬಿಡುತ್ತಾ ಬರುತ್ತಾರೆ? ಹಳೆಯ ಸೌದೆ ಒಲೆಯ ಹೊಗೆ ಒಂದು ಕಾರಣ, ಸರಿ. ಅದರ ಮೇಲೆ ಮನೆ, ಬಚ್ಚಲು ತೊಳೆಯಲು ಬಳಸುವ ಆ್ಯಸಿಡ್ಡು, ಫಿನಾಯಿಲು, ಬ್ಲೀಚಿಂಗ್ ಪೌಡರುಗಳ ಪಾಲೂ ಇದೆಯೇ? ಕೆಲವು ತಿಂಗಳ ಅಂತರದಲ್ಲಿ ಒಬ್ಬೊಬ್ಬರ ಮನೆಗೂ ಮೂರು ಸುತ್ತು ಹೋಗಿ, ಊದಿಸಿ, ಏನೇನು ಬಳಸುತ್ತೀರಿ ಎಂದು ಕೇಳಿಕೊಂಡು ಬರುವುದು ನನ್ನ ಪಾಲಿಗೆ ಬಂತು. ನಾನಿರುವ ಗುತ್ತಲಿನ ಕೆಲವು ಬೀದಿ, ಮದ್ದೂರಿನಾಚೆ ಕೊಪ್ಪದ ಕಡೆಯ ಒಂದು ಊರು, ಮತ್ತೆ ಮಳವಳ್ಳಿ.

ನಿಯಮ ಎರಡು. ಹಿಂದಿನ ದಿನವೇ ತಿಳಿಸದೆ ಯಾರ ಮನೆಗೂ ಹೋಗುವಂತಿಲ್ಲ. ಮೂರನೆಯ ಸುತ್ತು ಮುಗಿಯುವ ತನಕ ಇದನ್ನು ಬಳಸಿ, ಅದನ್ನು ಬಿಡಿ ಎಂದು ಬಾಯಿ ಬಿಡುವಂತಿಲ್ಲ. ಹೇಳಿದರೆ ಅವರು ಅಭ್ಯಾಸ ಬದಲಿಸುತ್ತಾರೆ, ಆಮೇಲೆ ನಾವು ಅಳೆಯುವುದು ನಮ್ಮ ಉಪದೇಶವನ್ನೇ. ಉಸಿರು ತೀರಾ ಕೆಟ್ಟಿದ್ದರೆ ಡಾಕ್ಟರ ಹತ್ತಿರ ಕಳಿಸಬಹುದು, ಅಷ್ಟೇ. ಎರಡೂ ನನಗೆ ನ್ಯಾಯವಾಗಿಯೇ ಕಂಡವು. ಚಿಂತೆ ಮಾಡುವವರಿಗೆ ನಿಯಮ ಎಂದರೆ ಊರುಗೋಲು. ಅದೇ ಕೋಲು ಬಾಗಿಲಿಗೆ ಅಡ್ಡ ಹಾಕಿದ ಅಗುಳಿಯೂ ಆಗಬಹುದು ಎಂದು ಆಗ ಹೊಳೆದಿರಲಿಲ್ಲ.

ಕೊಪ್ಪದ ಕಡೆಯ ಊರಿನಲ್ಲಿ ಮೊದಲ ಮನೆಯೇ ದೊಡ್ಡವ್ವನದು. ಊರೆಲ್ಲ ಅವಳನ್ನು ಹಾಗೇ ಕರೆಯುತ್ತಿತ್ತು, ನಾನೂ ಕರೆದೆ. ಸಣಕಲು ಮೈ, ನೆಟ್ಟಗಿನ ಬೆನ್ನು, ಮಾತಿನಲ್ಲಿ ಮುಲಾಜಿಲ್ಲ. ಊರಿನ ಆಶಾ ಕಾರ್ಯಕರ್ತೆ ನನ್ನನ್ನು ಮುಂದೆ ನಿಲ್ಲಿಸಿ, "ದೊಡ್ಡವ್ವ, ಮಂಡ್ಯದ ಆಸ್ಪತ್ರೆಯಿಂದ ಬಂದವ್ರೆ. ನಿನ್ ಉಸ್ರು ಅಳೀತಾರಂತೆ" ಎಂದಳು.

"ಅಳ್ದು ಏನ್ ಮಾಡೀರಿ? ಮಾರೀರಾ?"

ಮೂಗಿಗೆ ಕ್ಲಿಪ್ಪು ಹಾಕಲು ಹೋದರೆ, "ಬಟ್ಟೆ ಒಣಗಾಕೋ ಕಿಲಿಪ್ಪು ತಂದು ಮೂಗಿಗ್ ಆಕ್ತೀಯಲ್ಲ ನರ್ಸಮ್ಮ!" ಎಂದಳು. ನಾನು ನರ್ಸಲ್ಲ ಎಂದು ಹೇಳಲು ಬಾಯಿ ತೆರೆದು ಮುಚ್ಚಿದೆ. ಆಸ್ಪತ್ರೆಯಿಂದ ಬಂದ ಹೆಂಗಸು ಡಾಕ್ಟರಲ್ಲದಿದ್ದರೆ ನರ್ಸಮ್ಮ. ಮೂರನೆಯ ಜಾತಿ ಅಲ್ಲಿಲ್ಲ.

ಈ ಪರೀಕ್ಷೆಯಲ್ಲಿ ಎದೆ ತುಂಬ ಉಸಿರೆಳೆದುಕೊಂಡು, ರಟ್ಟಿನ ಕೊಳವೆಯೊಳಕ್ಕೆ ಒಮ್ಮೆಗೇ ಬಿರುಸಾಗಿ ಊದಬೇಕು. ನಿಲ್ಲಿಸದೆ, ಎದೆಯ ತಳದ ಗಾಳಿಯೂ ಖಾಲಿಯಾಗುವ ತನಕ. ಹೀಗೆ ಮೂರು ಸಲ, ಮೂರೂ ಸುಮಾರಾಗಿ ಒಂದೇ ಥರ ಬರಬೇಕು. ನಾನು ಬುದ್ಧಿವಂತಿಕೆ ಮಾಡಿ, "ಒಲೆ ಊದೋ ಹಾಗೆ ಊದಿ ದೊಡ್ಡವ್ವ" ಎಂದೆ. ಅವಳು ಊದಿದಳು. ಎಷ್ಟು ನಯವಾಗಿ, ಎಷ್ಟು ಉದ್ದಕ್ಕೆ ಊದಿದಳೆಂದರೆ, ಪರದೆಯ ಮೇಲೆ ಚೂಪಾದ ಗುಡ್ಡ ಏಳಬೇಕಿದ್ದ ಕಡೆ ಹೊಲದ ಬದುವಿನಂಥ ಗೆರೆ ಎದ್ದಿತು. ಇನ್ನೂ ಜೋರು ಎಂದೆ. ಅದೇ ಬದು.

"ಜೋರಾಗ್ ಊದುದ್ರೆ ಬೂದಿಯೆಲ್ಲ ಮಕಕ್ಕೇ ಬತ್ತದೆ ಕಣವ್ವ. ಯಾರು ನಿಂಗೆ ಒಲೆ ಊದಾದ್ ಕಲ್ಸಿದ್ದು?"

ಯಾರೂ ಕಲಿಸಿರಲಿಲ್ಲ. ನಾನು ಹುಟ್ಟಿದ್ದೇ ಸೀಮೆಎಣ್ಣೆ ಸ್ಟವ್ವಿನ ಮನೆಯಲ್ಲಿ. ಕೊನೆಗೆ, ಹಪ್ಪಳ ಕದಿಯಲು ಬಂದ ಕಾಗೆಯನ್ನು ಹುಶ್ ಅಂತ ಓಡಿಸೋ ಹಾಗೆ ಎಂದ ಮೇಲೆ ಗುಡ್ಡ ಎದ್ದಿತು. ಉಸಿರು ವಯಸ್ಸಿಗೆ ತಕ್ಕುದಕ್ಕಿಂತ ಸ್ವಲ್ಪ ಕಡಿಮೆ, ಗಾಬರಿಯಾಗುವಷ್ಟೇನಲ್ಲ. ಬಚ್ಚಲು ತೊಳೆದ ದಿನ ಎದೆ ಹಿಡಿದ ಹಾಗಾಗುತ್ತದೆ ಎಂದು ಅವಳೇ ಹೇಳಿದಳು. ವಾರಕ್ಕೊಂದು ಸಲ ಆ್ಯಸಿಡ್ಡು, ಮಿಕ್ಕ ದಿನ ಫಿನಾಯಿಲು. ಬರೆದುಕೊಂಡೆ. ಸುಮ್ಮನೆ ಬರೆದುಕೊಳ್ಳುವುದಷ್ಟೇ ನನ್ನ ಕೆಲಸ.

ಹೊರಡುವ ಮುಂಚೆ, ಬಸ್ಸಿಳಿದಾಗಿನಿಂದ ತಡೆದುಕೊಂಡಿದ್ದನ್ನು ಕೇಳಿಯೇಬಿಟ್ಟೆ. "ದೊಡ್ಡವ್ವ, ಬಾತ್‌ರೂಮ್ ಎಲ್ಲಿದೆ?"

ದೊಡ್ಡವ್ವನ ಮುಖ ಸಣ್ಣಗಾಯಿತು. "ವಸಿ ತಡಿ" ಎಂದು ಓಡಿ, ಎರಡು ಬಕೆಟ್ ನೀರು ಸುರಿದು ಬಂದಳು. ದನದ ಕೊಟ್ಟಿಗೆಯ ಪಕ್ಕ ಮಗ ಕಟ್ಟಿಸಿದ ಹೊಸ ಬಾತ್‌ರೂಮು. ಬಿಳಿ ಟೈಲ್ಸಿನ ಮೇಲೆ ಬೋರ್‌ವೆಲ್ ನೀರಿನ ಹಳದಿ ಕರೆ. ನನಗೆ ಒದ್ದೆ ಟೈಲ್ಸ್ ಕಂಡರೆ ಪ್ರಾಣಭಯ. ಜಾರಿದರೆ ಸೊಂಟ, ಸೊಂಟ ಹೋದರೆ ಹಾಸಿಗೆ, ಹಾಸಿಗೆ ಹಿಡಿದರೆ ನ್ಯುಮೋನಿಯ ಎಂದು ನನ್ನ ತಲೆ ಒಂದೇ ಉಸಿರಿನಲ್ಲಿ ತಿಥಿಯವರೆಗೆ ಹೋಗಿಬರುತ್ತದೆ. ಸೀರೆಯ ನೆರಿಗೆ ಎತ್ತಿ ಹಿಡಿದು, ನೆಲವನ್ನೇ ದಿಟ್ಟಿಸುತ್ತಾ, ತುದಿಗಾಲಲ್ಲಿ ಒಳಗೆ ಹೋದೆ. ಅದು ಹೆದರಿಕೆ ಎಂದು ಹಿಂದೆ ನಿಂತು ನೋಡುವವರಿಗೆ ಹೇಗೆ ಗೊತ್ತಾಗಬೇಕು?

ಈಚೆ ಬಂದಾಗ ದೊಡ್ಡವ್ವ ಆಶಾ ಕಾರ್ಯಕರ್ತೆಗೆ ಹೇಳುತ್ತಿದ್ದಳು: "ಅಡ್ಗೆ ಸೊಸೆ ವಶ. ಅಸು ಮಗನ್ ವಶ. ಇದೊಂದ್ ನಂದು ಕಣವ್ವ. ಇದ್ನೂ ನಾನ್ ನೆಟ್ಗೆ ಮಡೀಕೊಂಡಿಲ್ಲ ಅಂದ್ರೆ ಈ ಮನೇಲಿ ನಾನ್ಯಾತಕ್ಕೆ?"

ಸೊಸೆ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು, ಮಗ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಿದ್ದ. ನಾನು ಕಾಫಿ ಕುಡಿದು ಬಸ್ಸು ಹತ್ತಿದೆ.

ಎರಡನೆಯ ಸುತ್ತಿಗೆ ಹೋದಾಗ ದೊಡ್ಡವ್ವನ ಮನೆಯ ನಡುಮನೆಯಲ್ಲಿ ನನ್ನ ಕಣ್ಣು ಉರಿಯಿತು. ಪರೀಕ್ಷೆಗೆ ಬಾಗಿಲು ಹಾಕಿಕೊಳ್ಳಬೇಕಿತ್ತು. ಕೊಳವೆ ಬಾಯಲ್ಲಿಟ್ಟುಕೊಂಡು ಕೆನ್ನೆ ಊದಿಸುವುದನ್ನು ಬೀದಿಯವರು ನೋಡಬಾರದು ಎಂದು ಅವಳ ಹಟ. ಕಿಟಕಿಗೆ ಆಗಲೇ ಪರದೆ. ಒಳಗೆ ಫಿನಾಯಿಲು, ಅದರ ಹಿಂದೆ ಗಂಟಲು ಕೆರೆಯುವ ಇನ್ನೊಂದು ಘಾಟು. ಮೊದಲ ಸಲ ಊದುತ್ತಲೇ ಅವಳಿಗೆ ಕೆಮ್ಮು ಹತ್ತಿತು. ಗೆರೆ ಮೇಲೆದ್ದು, ಹೊಟ್ಟೆ ಒಳಕ್ಕೆ ಹೋದ ಹಾಗೆ ಬಗ್ಗಿ ಇಳಿಯಿತು. ಶ್ವಾಸನಾಳ ಬಿಗಿದುಕೊಂಡಿರುವ ಗೆರೆ ಅದು. ಬಾಯಿಂದ ಎಳೆದುಕೊಳ್ಳುವ ಪಂಪಿನ ಔಷಧಿ ಕೊಟ್ಟು, ಕಾಲು ಗಂಟೆ ಕಾದು, ಮತ್ತೆ ಊದಿಸಿದೆ. ಸ್ವಲ್ಪ ಸುಧಾರಿಸಿತು, ಪೂರ್ತಿಯಲ್ಲ.

ಆ ಕಾಲು ಗಂಟೆ ನಾವಿಬ್ಬರೂ ಮುಚ್ಚಿದ ಬಾಗಿಲ ಹಿಂದೆ ಎದುರುಬದುರು ಕೂತಿದ್ದೆವು. ಅವಳ ಕಣ್ಣಲ್ಲೂ ನೀರು, ನನ್ನ ಕಣ್ಣಲ್ಲೂ ನೀರು. ಏನೋ ಕೆಟ್ಟ ಸುದ್ದಿ ಹೇಳಿಕೊಂಡವರ ಹಾಗೆ. ಆ ಘಾಟು ಏನೆಂದು ನನಗೆ ಗೊತ್ತಿತ್ತು. ಬಚ್ಚಲ ಬಾಗಿಲು ತೆಗೆದಿಟ್ಟು ತೊಳೀರಿ, ಆ್ಯಸಿಡ್ಡು ಬಿಡಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದು, ಅಲ್ಲಿ ನಿಯಮ ನಿಂತಿರುವುದನ್ನು ನೋಡಿ, ಹಿಂದಕ್ಕೆ ಹೋಯಿತು. ಡಾಕ್ಟರ ಹತ್ತಿರ ಹೋಗಿ ಎಂದು ಚೀಟಿ ಬರೆದುಕೊಟ್ಟೆ. ಅದಕ್ಕೆ ಅನುಮತಿ ಇತ್ತು.

"ನನ್ ಬಾತ್ರೂಮ್ ನೋಡ್ಲಿಲ್ವಲ್ಲ ನೀನು" ಎಂದಳು ಹೊರಡುವಾಗ. ನೋಡಿದೆ. ಟೈಲ್ಸು ಕನ್ನಡಿ. ಮೂಲೆಯಲ್ಲಿ ಮಾತ್ರ ಅಂಗೈ ಅಗಲ ಕರೆ ಉಳಿದಿತ್ತು. ಯಥಾಪ್ರಕಾರ ನೆರಿಗೆ ಎತ್ತಿಕೊಂಡು, ನೆಲ ನೋಡಿಕೊಂಡೇ ಹೋಗಿ ಬಂದೆ.

ಗುತ್ತಲಿನಲ್ಲೂ ಎರಡನೆಯ ಸುತ್ತು ಹೀಗೇ ಬಂತು. ಮಳವಳ್ಳಿಯಲ್ಲೂ ಹೀಗೇ. ಮೊದಲ ಸುತ್ತಿನಲ್ಲಿ ಸುಮಾರಾಗಿದ್ದವರೆಲ್ಲ ಎರಡರಲ್ಲಿ ಬಿಗಿದುಕೊಂಡಿದ್ದರು. ಡಾಕ್ಟರು ಗೆರೆಗಳನ್ನು ಒಂದರ ಪಕ್ಕ ಒಂದಿಟ್ಟು, "ಏನೋ ಕಾಣಿಸ್ತಾ ಇದೆ" ಎಂದರು, ಹುಮ್ಮಸ್ಸಿನಲ್ಲಿ. ನನಗೆ ಹುಮ್ಮಸ್ಸು ಬರಲಿಲ್ಲ. ಮಿಷನ್ನು ಕೆಟ್ಟಿದೆ ಎಂದೇ ನನ್ನ ಅನುಮಾನ. ದಿನಕ್ಕೆ ಒಂದು ಸಲ ಸಾಕಿದ್ದ ಸಿರಿಂಜನ್ನು ಪ್ರತಿ ಮನೆಯಲ್ಲೂ ಊದಿಸುವ ಮುಂಚೆ ತಳ್ಳಿದೆ. ಫಿಲ್ಟರು ಬದಲಿಸಿದೆ. ಬೆರಳಿಗೆ ಹಾಕಿ ಆಮ್ಲಜನಕ ನೋಡುವ ಕ್ಲಿಪ್ಪನ್ನು ಬಸ್ಸಿನಲ್ಲಿ ನನ್ನ ಬೆರಳಿಗೇ ಸಿಕ್ಕಿಸಿಕೊಂಡು ಕೂರತೊಡಗಿದೆ. ಪಕ್ಕದಲ್ಲಿ ಕೂತ ಹೆಂಗಸು, "ಏನ್ ಕಣಮ್ಮ, ಕಾಯ್ಲೆನಾ?" ಎಂದು ಕೇಳಿ, ಸೀಟು ಬಿಟ್ಟೇ ಎದ್ದು ಹೋದಳು. ಮಿಷನ್ನು ಸರಿಯಾಗಿಯೇ ಇತ್ತು. ಮೂರು ಲೀಟರಿಗೆ ಮೂರು ಲೀಟರು.

ಮೂರನೆಯ ಸುತ್ತು ಶುರುವಾದಾಗ ಒಂದು ಮಧ್ಯಾಹ್ನ ಮಳವಳ್ಳಿಯಲ್ಲಿ, ಬರುತ್ತೇನೆಂದು ಹೇಳಿದ್ದ ಮನೆಗೆ ಬೀಗ. ಮದುವೆಗೆ ಹೋಗಿದ್ದರು. ವಾಪಸ್ಸು ಬರುವಾಗ ಪಕ್ಕದ ಬೀದಿಯಲ್ಲಿ ಗ್ಯಾರೇಜಿನವರ ತಾಯಿ ಮೆಟ್ಟಿಲ ಮೇಲೆ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದರು. ಅವರದು ಮುಂದಿನ ವಾರ ಇತ್ತು. "ಅರೆ ಮೇಡಂ! ಬಂದಿದ್ದೀರಾ, ನಂದೂ ಮುಗಿಸ್ಬಿಡಿ" ಎಂದು ಅವರೇ ಕರೆದರು. ಅವರೇ ಕರೆದಿದ್ದರಿಂದ ನಿಯಮ ಮುರಿದ ಹಾಗಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡು, ಮೆಟ್ಟಿಲ ಮೇಲೇ ಪೆಟ್ಟಿಗೆ ಬಿಚ್ಚಿದೆ.

ಎರಡನೆಯ ಸುತ್ತಿನಲ್ಲಿ ಕೆಮ್ಮಿ ಕೆಮ್ಮಿ ಒಂದು ಗೆರೆಯನ್ನೂ ಸರಿಯಾಗಿ ಊದಲಾಗದವರು, ಈಗ ಮೂರನ್ನೂ ಒಂದೇ ಥರ ಊದಿ, "ಸಾಕಾ, ಇನ್ನೊಂದು ಬೇಕಾ?" ಎಂದರು. ನಾನು ಸಿರಿಂಜು ತೆಗೆದು ಮತ್ತೆ ಮಿಷನ್ನು ಪರೀಕ್ಷಿಸಿದೆ. ಸರಿ ಇತ್ತು. ಏನು ಬದಲಾಯಿತು? ಔಷಧಿ ತಗೊಂಡ್ರಾ? ಇಲ್ಲ. ತಲೆ ಬಿಸಿಯಾದಾಗ ನನಗೆ ಎಲ್ಲಕ್ಕಿಂತ ಮುಂಚೆ ಆಗುವುದೇ ಆಯಿತು.

"ಅಮ್ಮಾ, ಬಾತ್‌ರೂಮ್..."

"ಅಯ್ಯೊ, ಹೇಳ್ದೇ ಬಂದ್ಬಿಟ್ರಲ್ಲ ಇವತ್ತು!" ಅವರು ಬೆಳ್ಳುಳ್ಳಿ ಬಿಟ್ಟು ಎದ್ದರು. "ಐದೇ ನಿಮಿಷ ಬೇಟಾ. ಆಶಾ ಮೇಡಂ ಹೇಳವ್ರೆ, ನಿಮಗೆ ಬಾತ್‌ರೂಮ್ ನೀಟಾಗಿ ಇರ್ಬೇಕಂತೆ. ಇಲ್ಲಾಂದ್ರೆ ತುದಿಗಾಲಲ್ಲಿ ಹೋಗ್ತೀರಂತೆ."

ಬಾಗಿಲ ಹಿಂದಿನಿಂದ ಹಳೆಯ ಕೂಲ್‌ಡ್ರಿಂಕ್ಸ್ ಬಾಟಲಿ ತೆಗೆದರು. ಮೊಪೆಡ್ಡಿನಲ್ಲಿ ಮೈಕು ಕಟ್ಟಿಕೊಂಡು ಬೀದಿಬೀದಿ ಮಾರುವ ಆ್ಯಸಿಡ್ಡು. ನಾನು ಬೇಡ, ಬೇಡ ಎನ್ನುವುದರೊಳಗೆ ಒಳಗೆ ಹೋಗಿ, ಚಿಲಕ ಹಾಕಿಕೊಂಡರು. ಹಿಸ್ಸೆನ್ನುವ ಸದ್ದು. ಪೊರಕೆಯ ಸದ್ದು. ಆಮೇಲೆ ಕೆಮ್ಮು. ಎರಡನೆಯ ಸುತ್ತಿನಲ್ಲಿ ನಾನು ಕೊಳವೆಯ ಈಚೆ ಕೂತು ಕೇಳಿದ್ದ ಅದೇ ಕೆಮ್ಮು.

ಬಾಗಿಲ ಹೊರಗೆ ಕಾಲು ಜೋಡಿಸಿಕೊಂಡು ನಿಂತಿದ್ದೆ. ಆಗ ಅರ್ಥವಾಯಿತು. ಎರಡನೆಯ ಸುತ್ತಿನಲ್ಲಿ ಎಲ್ಲ ಮನೆಗಳಿಗೂ ಸಾಮಾನ್ಯವಾಗಿದ್ದದ್ದು ಒಂದೇ ಒಂದು. ಅದು ನಾನು. ನಾನು ಬರುವ ಸುದ್ದಿ ಹಿಂದಿನ ದಿನ ಮುಟ್ಟುತ್ತಿತ್ತು. ಬೆಳಿಗ್ಗೆ ಎದ್ದು ನನಗೋಸ್ಕರ ಬಚ್ಚಲು ಉಜ್ಜುತ್ತಿದ್ದರು. ಉಜ್ಜಿ ಬಿಗಿದ ಎದೆಯನ್ನೇ ನಾನು ಅಳೆದುಕೊಂಡು ಬರುತ್ತಿದ್ದೆ.

ಮರುದಿನ ದೊಡ್ಡವ್ವನ ಮನೆ. ಆಗಲೇ ಹೇಳಿಕಳಿಸಿ ಆಗಿತ್ತು.

ಮಳವಳ್ಳಿ ಬಸ್ ಸ್ಟ್ಯಾಂಡಿನಿಂದ ಕೊಪ್ಪದ ಕಡೆಯ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದೆ. "ನನ್ನ ಬಾತ್‌ರೂಮ್ ವಿಷಯ ಎಲ್ಲರಿಗೂ ಹೇಳಿದ್ದು ನೀನೇನಾ?"

"ಊಂ ಮೇಡಮ್ಮ, ಮೀಟಿಂಗಲ್ಲೇ ಎಲ್ಲಾ ಆಶಾಗಳ್ಗೂ ಏಳ್ಬುಟ್ಟೆ" ಎಂದಳು ಹೆಮ್ಮೆಯಿಂದ. "ನಿಮ್ಗೆ ತೊಂದ್ರೆ ಆಗ್ಬಾರ್ದಲ್ಲ."

"ದೊಡ್ಡವ್ವನ ಮನೆಗೆ ಈಗಲೇ ಹೋಗಿ ಹೇಳು. ನಾಳೆ ಏನೂ ತೊಳೆಯೋದು ಬೇಡ ಅಂತ. ಬಚ್ಚಲಿಗೆ ಕಾಲೇ ಇಡಬಾರದು ಅಂತ."

ನಿಯಮ ಮುರಿದಿದ್ದೆ. ಹೇಳಿದ ಮೇಲೆ ಡಾಕ್ಟರಿಗೆ ಫೋನ್ ಮಾಡಿದೆ. "ಮೇಡಂ, ಎರಡನೇ ಸುತ್ತನ್ನ ನಂಬೋ ಹಾಗಿಲ್ಲ."

"ಮಿಷನ್ನು ಕೆಟ್ಟಿತ್ತಾ?"

"ಮಿಷನ್ನು ಸರಿಯಾಗಿದೆ. ನಾನು ಕೆಟ್ಟಿದ್ದೀನಿ." ಎಲ್ಲ ಹೇಳಿದೆ. ಆ ಕಡೆ ತಿಂಗಳುಗಟ್ಟಲೆಯ ಗೆರೆಗಳು ಒಂದೊಂದಾಗಿ ಬೀಳುವುದು ನನಗೆ ಕೇಳಿಸಿದ ಹಾಗಾಯಿತು.

"ನಾಳೆ ಹೋಗಬೇಡಿ ಹಾಗಾದರೆ."

"ಹೋಗದಿದ್ದರೂ ತೊಳೀತಾರೆ ಮೇಡಂ. ಬರ್ತೀನಿ ಅಂದಾಗಿದೆಯಲ್ಲ. ತೊಳೀಬೇಡಿ ಅಂತ ಹೇಳಿಕಳಿಸಿಬಿಟ್ಟೆ, ನಿಮ್ಮನ್ನ ಕೇಳದೆ."

"ಆ ಮನೆ ಲೆಕ್ಕದಿಂದ ಹೋಯಿತು" ಎಂದರು. ಆಮೇಲೆ, "ಹೋಗಲಿ ಬಿಡಿ. ಸರಿಯಾಗೇ ಮಾಡಿದಿರಿ."

ಗುತ್ತಲಿಗೆ ಬಂದು ಕೈಕಾಲು ತೊಳೆದು ಅಡುಗೆಮನೆಗೆ ಹೋದೆ. ನನ್ನ ಯಜಮಾನರು ಟಿವಿ ಮುಂದಿನಿಂದಲೇ, "ನಾಳೆ ನಮ್ಮಕ್ಕ ಬರ್ತಾಳಂತೆ. ಏನೂ ಮಾಡೋದು ಬೇಡ ಅಂದ್ಲು" ಎಂದರು. ನಾನು "ಹೂಂ" ಎಂದು, ಅವರೆಕಾಳು ತೆಗೆದು ನೆನೆಹಾಕಿ, ದೊಡ್ಡ ಪಾತ್ರೆ ಕೆಳಗಿಳಿಸಿ, ಕಾಯಿ ಒಡೆಯಲು ಕತ್ತಿ ಎತ್ತಿದೆ. ಎತ್ತಿದ ಕೈ ಹಾಗೇ ನಿಂತಿತು.

ಏನೂ ಬೇಡ ಎಂದವರಿಗೆ ತಾನೆ ನಾವು ಹೆಚ್ಚು ಮಾಡುವುದು! ಕಾಫಿ ಬೇಡ ಎಂದವರನ್ನು ಕಾಫಿ ಕೊಡದೆ ಕಳಿಸಿದರೆ ಅದೆಂಥ ಮನೆ? ಬಚ್ಚಲು ತೊಳೀಬೇಡಿ ಎಂದು ಆಸ್ಪತ್ರೆಯ ಹೆಂಗಸು ಪ್ರತ್ಯೇಕ ಹೇಳಿಕಳಿಸಿದ್ದಾಳೆ ಎಂದರೆ, ದೊಡ್ಡವ್ವನಿಗೆ ಅದರ ಅರ್ಥ ಒಂದೇ. ಹಿಂದಿನ ಸಲ ಮೂಲೆಯ ಕರೆಯನ್ನು ಇವಳು ನೋಡಿಬಿಟ್ಟಿದ್ದಾಳೆ.

ಆಶಾ ಕಾರ್ಯಕರ್ತೆಯ ಫೋನು ಸ್ವಿಚ್ ಆಫ್. ದೊಡ್ಡವ್ವನ ಮಗನ ನಂಬರು ರಿಂಗಾಗಿ ರಿಂಗಾಗಿ ನಿಂತಿತು. ಬೆಳಿಗ್ಗೆ ನೆನೆದ ಅವರೆಕಾಳನ್ನು ಯಜಮಾನರಿಗೆ ಒಪ್ಪಿಸಿ ಮೊದಲ ಬಸ್ಸು ಹಿಡಿದೆ. ಮದ್ದೂರಿನಲ್ಲಿ ಬಸ್ಸು ಬದಲಿಸಬೇಕು. ಕೊಪ್ಪದ ಬಸ್ಸಿನ ಡ್ರೈವರು ಜನ ತುಂಬಲಿ ಎಂದು ಇಂಜಿನ್ ಗುರುಗುಟ್ಟಿಸುತ್ತಾ, ಒಂದು ಮೊಳ ಮುಂದೆ ಒಂದು ಮೊಳ ಹಿಂದೆ ಆಡಿಸುತ್ತಾ ನಿಂತಿದ್ದ. ಇಳಿದು ಆಟೋ ಹಿಡಿಯೋಣವೆಂದರೆ, ಇಳಿದ ಕೂಡಲೇ ಬಸ್ಸು ಹೊರಟುಬಿಟ್ಟರೆ? ಕೂತಿದ್ದರೆ ಹೊರಡದಿದ್ದರೆ? ಪೆಟ್ಟಿಗೆ ತಬ್ಬಿಕೊಂಡು ಬಾಗಿಲಲ್ಲೇ ನಿಂತೆ, ಇಳಿಯಲೂ ಇಲ್ಲ, ಕೂರಲೂ ಇಲ್ಲ. "ಒಳಿಕ್ ಓಗಮ್ಮ, ಬಾಗ್ಲಿಗ್ ದಿಷ್ಟಿಬೊಂಬೆ ಥರ ನಿಂತವ್ಳೆ" ಎಂದು ಕಂಡಕ್ಟರು ಗದರಿದ.

ದೊಡ್ಡವ್ವನ ಮನೆಯ ಹಿತ್ತಲಿಗೆ ತಿರುಗಿದಾಗ ಮೊದಲು ಕಂಡದ್ದು ಹಸು. ಮೂಗನ್ನು ಆ ಕಡೆ ತಿರುಗಿಸಿಕೊಂಡು ಹಗ್ಗ ಜಗ್ಗುತ್ತಿತ್ತು. ಬಾತ್‌ರೂಮಿನ ಪ್ಲಾಸ್ಟಿಕ್ ಬಾಗಿಲು ಹಾಕಿತ್ತು. ಒಳಗಿನಿಂದ ಬರುತ್ತಿದ್ದ ಘಾಟು ಬರೀ ಆ್ಯಸಿಡ್ಡಿನದಲ್ಲ. ಹೊರಗೆ ಬ್ಲೀಚಿಂಗ್ ಪೌಡರಿನ ಪೊಟ್ಟಣ ಬಾಯಿ ತೆರೆದು ಬಿದ್ದಿತ್ತು. ಆ್ಯಸಿಡ್ಡಿಗೆ ಹೋಗದ ಕರೆ ಎರಡೂ ಸೇರಿಸಿದರೆ ಹೋಗುತ್ತದೆ ಎಂದು ನಂಬುವವರು ಎಲ್ಲ ಬೀದಿಯಲ್ಲೂ ಇದ್ದಾರೆ. ಎರಡೂ ಸೇರಿದರೆ ಏಳುವುದು ಕ್ಲೋರಿನ್, ವಿಷದ ಗಾಳಿ.

"ದೊಡ್ಡವ್ವ! ಬಾಗಿಲು ತೆಗೀರಿ!"

"ಬಂದ್ಯಾ ನರ್ಸಮ್ಮ..." ಕೆಮ್ಮು. "ತಡಿ... ಇನ್ನೊಂಚೂರು..."

"ಸಾಕು, ಈಚೆ ಬನ್ನಿ!"

"ಮೂಲೆ ಒಂದ್... ಉಳ್ಕಂಡದೆ ಕಣವ್ವ..."

"ಬೇಡ ಅಂದಿದ್ದೆನಲ್ಲಾ! ಏನೂ ಬೇಡ!"

"ಅಂಗೆಲ್ಲ... ಅನ್ಬ್ಯಾಡ..."

ಬಾಗಿಲು ಗುದ್ದಿದೆ. ಚಿಲಕ ಗಟ್ಟಿ ಇತ್ತು. ಬೇಡ, ಬೇಡ ಎಂದು ನಾನು ಕೂಗಿದಷ್ಟೂ ಒಳಗೆ ಪೊರಕೆಯ ಸದ್ದು ಬಿರುಸಾಯಿತು. ಬೇಡ ಎನ್ನುವ ಮಾತು ಈ ಬಾಗಿಲು ತೆಗೆಸುವುದಿಲ್ಲ ಎಂದು ಹೊಳೆದದ್ದೇ ಉಲ್ಟಾ ಕೂಗಿದೆ. "ದೊಡ್ಡವ್ವ, ನಂಗೆ ತಡಕೊಳ್ಳಕ್ಕೆ ಆಗ್ತಿಲ್ಲ! ಇಲ್ಲೇ ಆಗ್ಬಿಡ್ತದೆ!"

ಚಿಲಕ ಸರಿಯಿತು.

ಸೆರಗಿನಿಂದ ಮೂಗು ಮುಚ್ಚಿಕೊಂಡು, ಅವಳ ತೋಳು ಹಿಡಿದು ಈಚೆಗೆ ಎಳೆದೆ. ಹುಲ್ಲಿನ ಮೆದೆಯಾಚೆ, ಗಾಳಿ ಬರುವ ಕಡೆ ಕೂರಿಸಿ, ಮುಖ ಕಣ್ಣಿಗೆ ನೀರು ಹಾಕಿದೆ. ತುಟಿ ಕಪ್ಪಿಟ್ಟಿತ್ತು. ಕತ್ತಿನ ಬುಡ ಒಳಕ್ಕೆ ಜಗ್ಗುತ್ತಿತ್ತು, ಒಂದೊಂದು ಉಸಿರನ್ನೂ ಬಾವಿಯಿಂದ ಸೇದಿದ ಹಾಗೆ. ನನ್ನ ಚೀಟಿ ನೋಡಿ ಡಾಕ್ಟರು ಕೊಟ್ಟಿದ್ದ ಪಂಪು ಎಲ್ಲಿ ಎಂದರೆ ಕೈ ತೋರಿಸಿದಳು: ದೇವರ ಗೂಡಿನಲ್ಲಿ, ಹಳದಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದಳು. ಪೆಟ್ಟಿಗೆಯಲ್ಲಿದ್ದ, ಔಷಧಿ ತುಂಬಿ ನಿಲ್ಲುವ ಪ್ಲಾಸ್ಟಿಕ್ ಬುರುಡೆಯನ್ನು ಪಂಪಿಗೆ ಸಿಕ್ಕಿಸಿ ಔಷಧಿ ಎಳೆಸಿದೆ. ತಿಂಗಳುಗಟ್ಟಲೆ ನನ್ನ ಬೆರಳಲ್ಲಿ ಸುಮ್ಮನೆ ಮಿನುಗುತ್ತಿದ್ದ ಕ್ಲಿಪ್ಪನ್ನು ಅವಳ ಬೆರಳಿಗೆ ಹಾಕಿದೆ. ಅಂಕಿ ಇಳಿಯುತ್ತಿತ್ತು. ಆಶಾ ಕಾರ್ಯಕರ್ತೆ ಓಡಿ ಬಂದು, ನೋಡಿ, ಆಂಬುಲೆನ್ಸಿಗೆ ಫೋನು ಮಾಡಿದಳು.

ದೊಡ್ಡವ್ವ ಬುರುಡೆಯನ್ನು ಬಾಯಿಂದ ಸರಿಸಿ ಏನೋ ಹೇಳಲು ಹೋದಳು. ಬಗ್ಗಿದೆ.

"ಓಗು... ಈಗ್ ಓಗು. ಕಿಲೀನಾಗೈತೆ."

ನಾನು ಹೋಗಲಿಲ್ಲ. ಮದ್ದೂರಿನ ಆಸ್ಪತ್ರೆ ಸೇರಿ, ಅವಳ ಮೂಗಿಗೆ ಆಮ್ಲಜನಕ ಹತ್ತುವ ತನಕ ಆ ವಿಷಯವೇ ಮರೆತುಹೋಗಿತ್ತು. ನನ್ನ ಚಿಂತೆಗಳಲ್ಲಿ ಒಂದು ತಾನಾಗಿ ರಜ ಹಾಕಿದ್ದು ಅದೇ ಮೊದಲು.

ಬದುಕಿಕೊಂಡಳು. ಕೆಲವು ದಿನ ವಾರ್ಡಿನಲ್ಲಿದ್ದು ಮನೆಗೆ ಬಂದಳು. ಅಧ್ಯಯನದ ಎರಡನೆಯ ಸುತ್ತನ್ನು ಡಾಕ್ಟರು ಪೂರ್ತಿ ಕೈಬಿಟ್ಟರು. ಇನ್ನು ಮೇಲೆ ಯಾರ ಮನೆಯಲ್ಲೂ ಊದಿಸುವುದಿಲ್ಲ, ಹಳ್ಳಿಗಳಲ್ಲಿ ಹಾಲಿನ ಡೈರಿಯ ಜಗಲಿಯಲ್ಲಿ, ಹಾಲು ಹಾಕಲು ಬಂದವರನ್ನು ಹಾಗೇ ಕೂರಿಸಿಕೊಂಡು ಊದಿಸುವುದು ಎಂದು ತೀರ್ಮಾನವಾಯಿತು. ಆ್ಯಸಿಡ್ಡಿಗೂ ಬ್ಲೀಚಿಂಗಿಗೂ ಸಂಬಂಧ ಬೆಳೆಸಬೇಡಿ ಎಂದು ಮೊದಲ ದಿನವೇ ಎಲ್ಲರಿಗೂ ಹೇಳುವುದು ಎಂದೂ ಆಯಿತು. ಅಳತೆ ಕೆಟ್ಟರೆ ಕೆಡಲಿ ಎಂದರು ಡಾಕ್ಟರು.

ನಾನು ದೊಡ್ಡವ್ವನನ್ನು ನೋಡಲು ಹೋದಾಗ ಅವಳು ಜಗಲಿಯ ಮೇಲೆ ಕುರ್ಚಿಯಲ್ಲಿದ್ದಳು. ಮುಖ ಬೀದಿಯ ಕಡೆ ತಿರುಗಿಸಿಕೊಂಡಳು.

"ಹೇಗಿದ್ದೀರಿ ದೊಡ್ಡವ್ವ?"

"ಕಾಣಾಕಿಲ್ವಾ? ಗಣಪತಿ ಕೂರ್ಸ್ದಂಗೆ ಕೂರ್ಸವ್ರೆ. ಅವನ್ನಾದ್ರೂ ಐದ್ ದಿನಕ್ಕೆ ನೀರ್ಗೆ ಬುಡ್ತಾರೆ."

ಬಚ್ಚಲು ಸೊಸೆಯ ವಶವಾಗಿತ್ತು. ಗಾರ್ಮೆಂಟ್ಸಿನಿಂದ ಬಂದು, ಸುಸ್ತಾಗಿ, ನೀರೆರಚಿ ಬರುತ್ತಿದ್ದಳು ಅವಳು. ಪಾಪ ಅವಳದೂ ತಪ್ಪಲ್ಲ. ನಾನು, ಸೋಪಿನ ಪುಡಿ ಸಾಕು, ಉದ್ದ ಹಿಡಿಯ ಬ್ರಷ್ಷು ಸಾಕು, ಬಾಗಿಲು ತೆರೆದಿಟ್ಟು ನೀವೇ ತೊಳೀಬಹುದು, ಡಾಕ್ಟರೂ ಒಪ್ಪಿದ್ದಾರೆ ಎಂದೆ. ಆ್ಯಸಿಡ್ಡು ಮಾತ್ರ ಬೇಡ.

"ಕರೆ?"

"ಕರೆ ಇರ್ತದೆ."

"ಕರೆ ಇದ್ಮೇಲೆ ಅದ್ಯಾತರ್ ತೊಳ್ಯಾದವ್ವ?" ಎಂದಳು. "ಬಂದೋರು ಸೊಸೇನ್ ಅನ್ನಾಕಿಲ್ಲ. ಮುದ್ಕಿ ಇದ್ಕಂಡೂ ಇಂಗೆ ಮಡಗವ್ಳೆ ಅಂತಾರೆ."

ನಾನು ಅವಳಿಗೆ ಹೇಳುತ್ತಿದ್ದುದು ಬಾಟಲಿಯನ್ನು ಬಿಡು ಎಂದಲ್ಲ. ಕರೆಯನ್ನು ಕಣ್ಣೆದುರು ಇಟ್ಟುಕೊಂಡು ಉಸಿರಾಡು ಎಂದು. ನಾನಾದರೂ ಅದನ್ನು ಮಾಡುತ್ತಿದ್ದೆನೇ? ಯಜಮಾನರ ಅಕ್ಕ ಬರುವ ದಿನ ನನ್ನ ಮನೆಯ ಸಿಂಕನ್ನು ನಾನು ಏನು ಹಾಕಿ ಉಜ್ಜುತ್ತೇನೆಂದು ನನಗೆ ಗೊತ್ತು.

ಆಮೇಲೆ ತಿಂಗಳುಗಳಾದವು. ಲೆಕ್ಕದಿಂದ ಹೋದ ಮನೆ ಅದು. ಹೋಗುವ ಅಗತ್ಯ ಇರಲಿಲ್ಲ. ಆದರೂ ಒಂದು ದಿನ ಡೈರಿಯ ಕೆಲಸ ಮುಗಿಸಿ, ಯಾರಿಗೂ ಹೇಳದೆ, ಪೆಟ್ಟಿಗೆ ಹಿಡಿದು ಆ ಬೀದಿಗೆ ತಿರುಗಿದೆ.

ದೊಡ್ಡವ್ವ ಜಗಲಿಯಲ್ಲಿರಲಿಲ್ಲ. ಸೊಂಟಕ್ಕೆ ಸೀರೆ ಸಿಕ್ಕಿಸಿಕೊಂಡು, ಕೈಯಲ್ಲಿ ಉದ್ದ ಹಿಡಿಯ ಬ್ರಷ್ಷು ಹಿಡಿದು ಹಿತ್ತಲಿಂದ ಬರುತ್ತಿದ್ದವಳು ನನ್ನನ್ನು ಕಂಡು ನಿಂತಳು. ಬ್ರಷ್ಷನ್ನು ಗೋಡೆಗೊರಗಿಸಿದಳು. ಆಮೇಲೆ ಬಿರಬಿರನೆ ಬಂದು, ಮನೆಯ ಬಾಗಿಲನ್ನು ಎಳೆದು ಹಾಕಿ, ಹೊರಗಿನ ಚಿಲಕ ಹಿಡಿದುಕೊಂಡು ನಿಂತಳು.

"ಏಳ್ದೆ ಬಂದಿದ್ದೀಯ, ಒಳಿಕ್ ಬರ್ಬ್ಯಾಡ" ಎಂದಳು. "ಇಲ್ಲೇ ಕುಂತ್ಕೊ."

ಆ ಸೀಮೆಯಲ್ಲಿ ನನ್ನನ್ನು ಬಾಗಿಲಾಚೆ ನಿಲ್ಲಿಸಿದವರು ಅವಳೊಬ್ಬಳೇ. ಜಗಲಿಯ ಮೇಲೆ, ಬೀದಿಯ ಎಲ್ಲರೂ ನೋಡುವಂತೆ ಪೆಟ್ಟಿಗೆ ಬಿಚ್ಚಿದೆ. ಅವಳೇ ಕ್ಲಿಪ್ಪು ಎತ್ತಿ ಮೂಗಿಗೆ ಹಾಕಿಕೊಂಡಳು. ಎದೆ ತುಂಬ ಎಳೆದುಕೊಂಡು ಊದಿದಳು. ಕಾಗೆಯೇನು, ಹದ್ದೂ ಹಾರಿ ಹೋಗಬೇಕು. ಮೊದಲ ಸುತ್ತಿನಷ್ಟೇ ಇತ್ತು, ಕೂದಲೆಳೆಯಷ್ಟು ಕಡಿಮೆ. ಮೂರೂ ಒಂದೇ ಥರ.

"ಎಂಗದೆ?"

"ಚೆನ್ನಾಗಿದೆ ದೊಡ್ಡವ್ವ."

"ಕರೆ ಅಂಗೇ ಅದೆ" ಎಂದಳು, ನನ್ನ ಕಡೆ ನೋಡದೆ.

ಸೊಸೆಗೆ ಅಂದು ರಜ. ಕಿಟಕಿಯಿಂದ ಕಾಫಿ ಲೋಟ ಈಚೆಗೆ ಬಂತು. ಕುಡಿಯಬಾರದು ಎಂದು ಗೊತ್ತಿದ್ದೂ ಕುಡಿದೆ. ಬೆಳಿಗ್ಗೆ ಮಂಡ್ಯ ಬಿಟ್ಟಾಗಿನಿಂದ ಎಲ್ಲೂ ಬಾತ್‌ರೂಮಿಗೆ ಹೋಗಿರಲಿಲ್ಲ. ಬೆಂಚಿನ ಮೇಲೆ ಈ ಕಡೆ ಆ ಕಡೆ ಸರಿದು ಕೂತೆ. ದೊಡ್ಡವ್ವನ ಕಣ್ಣು ಅದನ್ನು ಬಿಡಲಿಲ್ಲ. ಕೈ ಮತ್ತೆ ಚಿಲಕಕ್ಕೆ ಹೋಯಿತು.

"ಬಾತ್ರೂಮಿಗೆ ಓಯ್ತೀಯಾ?"

"ಬೇಡ ದೊಡ್ಡವ್ವ."

"ನಿಜ್ವಾಗ್ಲೂ ಬ್ಯಾಡ್ವಾ?"

"ನಿಜವಾಗ್ಲೂ ಬೇಡ."

ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ನಂಬಿದಳೋ ಇಲ್ಲವೋ, ಗೊತ್ತಿಲ್ಲ. ಚಿಲಕದ ಮೇಲಿದ್ದ ಕೈ ತೆಗೆದು, ನನ್ನ ಪಕ್ಕದಲ್ಲಿ ಬಂದು ಕೂತಳು. ಪೆಟ್ಟಿಗೆ ಕಟ್ಟಿದೆ. ಅಲ್ಲಿಂದ ಮದ್ದೂರಿನ ತನಕ ರಸ್ತೆಯಲ್ಲಿ ಎಷ್ಟು ಹಂಪುಗಳಿವೆ ಎಂದು ತಡೆದುಕೊಂಡು ಕೂತಿದ್ದ ನನ್ನಷ್ಟು ಚೆನ್ನಾಗಿ ಅಂದಿನ ಬಸ್ಸಿನ ಡ್ರೈವರಿಗೂ ಗೊತ್ತಿರಲಾರದು.